ಮಡಿಕೇರಿಯ ನೀಲಿ, ಮೈಸೂರಿನ ಗುಲಾಬಿ

ಮೈಸೂರಿನಲ್ಲಿ ತೋಟಗಳ ವಿನ್ಯಾಸ ಮಾಡಿಕೊಂಡಿರುವ ನನಗೆ ಪ್ರತಿವರ್ಷವೂ ತಪ್ಪದೆ ಬರುವ ದೂರೊಂದಿದೆ: ಮಡಿಕೇರಿಯಿಂದಲೋ ಊಟಿಯಿಂದಲೋ ನೀಲಿ ಹೂವಿನ ಹೈಡ್ರೇಂಜಿಯ ತಂದು ನೆಟ್ಟೆವು, ಮರುವರ್ಷ ಅದು ಗುಲಾಬಿ ಬಣ್ಣಕ್ಕೆ ತಿರುಗಿತು, ನರ್ಸರಿಯವರು ಮೋಸ ಮಾಡಿದರು. ಪಾಪ, ನರ್ಸರಿಯವರದು ಇದರಲ್ಲಿ ಏನೂ ತಪ್ಪಿಲ್ಲ, ಬಣ್ಣ ಬದಲಿಸುವುದು ಮಣ್ಣು.

ಮಣ್ಣಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕಡಿಮೆಯಿದ್ದರೆ, ಅಂದರೆ ಮಣ್ಣು ಆಮ್ಲೀಯವಾಗಿದ್ದರೆ, ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವಿನ ವರ್ಣದ್ರವ್ಯದೊಡನೆ ಸೇರಿ ನೀಲಿಯಾಗುತ್ತದೆ, 6.5 ದಾಟಿದರೆ ಅದೇ ಅಲ್ಯೂಮಿನಿಯಂ ಮಣ್ಣಿನಲ್ಲಿಯೇ ಕಟ್ಟಿಬಿದ್ದು ಹೂವು ಗುಲಾಬಿಯಾಗಿ ಉಳಿಯುತ್ತದೆ. ಆಮ್ಲದಲ್ಲಿ ಕೆಂಪಾಗುವ ಶಾಲೆಯ ಲಿಟ್ಮಸ್ ಕಾಗದ ಹೇಳುವುದಕ್ಕೆ ಇದು ತದ್ವಿರುದ್ಧ. ಬಿಳಿ ತಳಿಗಳಿಗಂತೂ ಈ ಗೊಡವೆಯೇ ಇಲ್ಲ.

ಕುವೆಂಪುನಗರದ ಮನೆಯೊಂದರಲ್ಲಿ ಕುಂಡದ ಅಂಚಿನ ಸುತ್ತ ಬೆರಳಿನಿಂದ ಕೆರೆದರೆ ಉದುರುವಂತೆ ಬಿಳಿ ಸುಣ್ಣದ ಪದರ ಕಟ್ಟಿತ್ತು, ಮಣ್ಣಿನಲ್ಲಿ ಹೊಸ ಕಾಂಪೌಂಡಿನ ಸಿಮೆಂಟ್ ಚೂರುಗಳಿದ್ದವು. ಬೋರ್‌ವೆಲ್‌ನ ಗಡಸು ನೀರು ತಿಂಗಳುಗಟ್ಟಲೆ ಬಿದ್ದು ಪಿಎಚ್ ಏರಿದ ಮೇಲೆ ನೀಲಿಯನ್ನು ನಿರೀಕ್ಷಿಸುವುದು ಹೇಗೆ? ಮಂಡ್ಯದ ಕಡೆ ನಾಲೆಯ ಬಯಲಿನಲ್ಲಿ ಚೌಳು ಹತ್ತಿದ ಮಣ್ಣಾದರೆ ಆ ಆಸೆ ಇನ್ನೂ ದೂರದ್ದು. ನೀಲಿಯೇ ಬೇಕೆನ್ನುವವರು ನೆಲದಲ್ಲಿ ನೆಡದೆ ದೊಡ್ಡ ಕುಂಡದಲ್ಲಿ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ನೆಟ್ಟು, ಹಿಡಿದಿಟ್ಟ ಮಳೆನೀರು ಹಾಕಿ, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ ಮೊಗ್ಗು ಮೂಡುವ ಮೊದಲು ಕೆಲವು ಸಲ ಕೊಡಬಹುದು. ಡಿಎಪಿ ಗೊಬ್ಬರ ಮಾತ್ರ ಬೇಡ. ಅದರಲ್ಲಿರುವ ರಂಜಕವು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ನನ್ನನ್ನು ಕೇಳಿದರೆ, ಗುಲಾಬಿಯನ್ನೇ ಒಪ್ಪಿಕೊಳ್ಳುವುದು ಲೇಸು.

ಗುರುತು ಹಿಡಿಯುವಲ್ಲಿಯೂ ಎಡವುವವರಿದ್ದಾರೆ. ನಮ್ಮಲ್ಲಿ ಹೈಡ್ರೇಂಜಿಯವೆಂದು ತೋರಿಸುವ ಗುಲಾಬಿ ಚೆಂಡುಗಳಲ್ಲಿ ಕೆಲವು ಡೊಂಬೆಯ ಎಂಬ ಬೇರೆಯೇ ಗಿಡದವು. ಅದರ ಗೊಂಚಲು ಕೆಳಮುಖವಾಗಿ ಜೋತಾಡುತ್ತದೆ, ಹೃದಯಾಕಾರದ ಎಲೆಗಳು ಒಂದೊಂದಾಗಿ ಪರ್ಯಾಯವಾಗಿ ಇರುತ್ತವೆ. ಹೈಡ್ರೇಂಜಿಯದ ದಪ್ಪ, ಗರಗಸದಂಚಿನ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ದಳವೆಂದು ನಾವು ಮೆಚ್ಚುವುದು ಅದರ ಪುಷ್ಪಪತ್ರ, ಅಂದರೆ ದಳಗಳ ಹೊರಗಿನ ಸುತ್ತು. ನಿಜವಾದ ಹೂವು ನಡುವಿನ ಸಾಸಿವೆಯಷ್ಟು ಚಿಕ್ಕ ಗುಂಡು. ಮುಸ್ಸೆಂಡ ಬೆಳೆಸಿದವರಿಗೆ ಇದು ಹೊಸತೇನಲ್ಲ.

ಮೈಸೂರಿನ ಮಾರ್ಚ್, ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಒದ್ದೆ ಬಟ್ಟೆಯಂತೆ ಜೋಲುಬೀಳುತ್ತವೆ; ಬುಡ ತೇವವಾಗಿದ್ದರೆ ಸಂಜೆಗೆ ತಾವೇ ಏಳುತ್ತವೆ, ಗಾಬರಿಬಿದ್ದು ಮತ್ತೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದಿಕ್ಕಿನ ಗೋಡೆಯ ಪಕ್ಕ ಇದಕ್ಕೆ ಸರಿಯಾದ ಜಾಗ. ಬುಡಕ್ಕೆ ಕಬ್ಬಿನ ತರಗು ಹೊದಿಸಬೇಕು.

ಹೂವೇ ಬಿಡಲಿಲ್ಲವೆಂದರೆ ನಾನು ಮೊದಲು ಕತ್ತರಿಯ ಬಗ್ಗೆ ವಿಚಾರಿಸುತ್ತೇನೆ. ನಮ್ಮಲ್ಲಿ ಸಿಗುವ ಅಗಲ ಎಲೆಯ ಜಾತಿ ಹೆಚ್ಚಾಗಿ ಹಿಂದಿನ ವರ್ಷದ ರೆಂಬೆಯಲ್ಲಿಯೇ, ಚಳಿಗಾಲದ ತಂಪಿನಲ್ಲಿ, ಹೂಮೊಗ್ಗು ಕಟ್ಟಿಕೊಳ್ಳುತ್ತದೆ. ಒಮ್ಮೆ ನಾನೇ ಜನವರಿಯಲ್ಲಿ ಗುಲಾಬಿ ಗಿಡಗಳ ಜೊತೆಗೆ ಇದನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿ, ಆ ವರ್ಷವಿಡೀ ಬರೀ ಎಲೆ ನೋಡಿದ್ದೆ. ಈಗ ಹೂವು ಬಾಡಿದ ಕೂಡಲೇ, ಅದರ ಕೆಳಗಿನ ಮೊದಲ ದಪ್ಪ ಮೊಗ್ಗಿನ ಜೋಡಿಯ ಮೇಲೆ ಸವರಿ ಬಿಡುತ್ತೇನೆ.