ಕೋಡ್ ಜನರೇಟರ್ ಸರಿ ಇದ್ದರೂ ಫಿಲ್ಟರ್ ಯಾಕೆ ಅಲ್ಲೇ ನಿಲ್ಲುತ್ತದೆ?

ಕಾರ್ಟೆಕ್ಸ್ ಎಂ0 ತರಹದ ಸಣ್ಣ ಮೈಕ್ರೋಕಂಟ್ರೋಲರ್ ಚಿಪ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ ಲೆಕ್ಕ) ಹಾರ್ಡ್‌ವೇರ್ ಇರುವುದಿಲ್ಲ. ಒಂದೊಂದು ಫ್ಲೋಟ್ ಗುಣಾಕಾರಕ್ಕೂ ಲೈಬ್ರರಿ ಫಂಕ್ಷನ್ ಕರೆಯಬೇಕು. ಅದಕ್ಕೇ ಸಿಮುಲಿಂಕ್ (ಬ್ಲಾಕ್‌ಗಳನ್ನು ಜೋಡಿಸಿ ಮಾಡೆಲ್ ಕಟ್ಟುವ ಟೂಲ್) ಮಾಡೆಲ್‌ನಿಂದ ಕೋಡ್ ಜನರೇಟರ್ ಮೂಲಕ ಸಿ ಕೋಡ್ ತೆಗೆಯುವ ಮೊದಲು ಫಿಕ್ಸೆಡ್ ಪಾಯಿಂಟ್‌ಗೆ, ಅಂದರೆ ಭಿನ್ನರಾಶಿ ಭಾಗಕ್ಕೆ ಇಷ್ಟೇ ಬಿಟ್ ಎಂದು ನಿಗದಿ ಮಾಡಿದ ಇಂಟಿಜರ್ ಲೆಕ್ಕಕ್ಕೆ, ಬದಲಾಯಿಸುತ್ತೇವೆ. ಬಿಟ್‌ಗಳನ್ನು ಎಡಕ್ಕೋ ಬಲಕ್ಕೋ ಸರಿಸುವ ಶಿಫ್ಟ್ ಲೆಕ್ಕವನ್ನೆಲ್ಲ ಟೂಲ್ ನೋಡಿಕೊಳ್ಳುತ್ತದೆ, ನಿಜ. ಆದರೆ ಯಾವ ಸಿಗ್ನಲ್‌ಗೆ ಯಾವ ಟೈಪ್ ಎಂದು ತೀರ್ಮಾನಿಸಬೇಕಾದವರು ನಾವೇ. ರಿವ್ಯೂಗೆ ಬರುವ ಮಾಡೆಲ್‌ಗಳಲ್ಲಿ ನಾನು ಮೊದಲು ಹುಡುಕುವುದೂ ಇದನ್ನೇ.

ಸ್ಟ್ಯಾಂಡರ್ಡ್ ಸಿ ಭಾಷೆಯಲ್ಲಿ ಫಿಕ್ಸೆಡ್ ಪಾಯಿಂಟ್ ಟೈಪ್ ಇಲ್ಲ. ಕೋಡ್‌ನಲ್ಲಿ ಉಳಿಯುವುದು ಬರೀ ಇಂಟಿಜರ್. ಉಷ್ಣತೆಗೆ 16 ಬಿಟ್ ಕೊಟ್ಟು, ಅದರಲ್ಲಿ 7 ಫ್ರ್ಯಾಕ್ಷನ್ ಬಿಟ್ ಇಟ್ಟರೆ ಒಂದು ಎಣಿಕೆ ಎಂದರೆ 1/128 ಡಿಗ್ರಿ. ಆಗ 25.5 ಡಿಗ್ರಿ ಡೀಬಗರ್‌ನಲ್ಲಿ 3264 ಅಂತ ಕಾಣುತ್ತದೆ. 128ರಿಂದ ಭಾಗಿಸಬೇಕು ಅನ್ನೋದು ಮಾಡೆಲ್‌ಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ಹಾಗಾಗಿ ಸ್ಕೇಲಿಂಗ್ ತಪ್ಪಿದರೆ ವಾರ್ನಿಂಗ್ ಬರುವುದಿಲ್ಲ.

ಈಗ ಸೆನ್ಸರ್‌ನ ಏರಿಳಿತವನ್ನು ನಯಗೊಳಿಸುವ ಒಂದು ಲೋ ಪಾಸ್ ಫಿಲ್ಟರ್ ತೆಗೆದುಕೊಳ್ಳಿ:

ಹೊಸ ಬೆಲೆ = ಹಳೆಯ ಬೆಲೆ + 0.01 × (ಸೆನ್ಸರ್ ಬೆಲೆ − ಹಳೆಯ ಬೆಲೆ)

ಮೊದಲು 0.01 ನೋಡೋಣ. 8 ಫ್ರ್ಯಾಕ್ಷನ್ ಬಿಟ್‌ನಲ್ಲಿ ಅದು 2.56, ಹತ್ತಿರದ ಇಂಟಿಜರ್ 3. ಅಂದರೆ ಫಿಲ್ಟರ್‌ನ ವೇಗ ಶೇ. 17ರಷ್ಟು ತಪ್ಪು! 15 ಫ್ರ್ಯಾಕ್ಷನ್ ಬಿಟ್ ಕೊಟ್ಟರೆ 328 ಆಗುತ್ತದೆ, ತಪ್ಪು ಶೇ. 0.1ಕ್ಕೆ ಇಳಿಯುತ್ತದೆ. ಇದನ್ನು ಬಹಳ ಜನ ಸರಿಯಾಗೇ ಮಾಡುತ್ತಾರೆ.

ಎಡವುವುದು ಹಳೆಯ ಬೆಲೆಯ ಟೈಪ್‌ನಲ್ಲಿ. ಹಳೆಯ ಬೆಲೆಯನ್ನು ಮುಂದಿನ ಸಲಕ್ಕೆ ಹಿಡಿದಿಡುವ ಯೂನಿಟ್ ಡಿಲೇ ಬ್ಲಾಕ್ ತನಗೆ ಬಂದ ಸಿಗ್ನಲ್‌ನ ಟೈಪನ್ನೇ ಇಟ್ಟುಕೊಳ್ಳುತ್ತದೆ. ಸೆನ್ಸರ್ 16 ಬಿಟ್, 7 ಫ್ರ್ಯಾಕ್ಷನ್. ಸುಮ್ನೆ ಅದನ್ನೇ ಇಲ್ಲಿಗೂ ಬಿಟ್ಟರೆ ಏನಾಗುತ್ತದೆ ನೋಡಿ. ಸೆನ್ಸರ್ ಹಳೆಯ ಬೆಲೆಗಿಂತ 99 ಎಣಿಕೆ ಮೇಲಿದೆ ಅನ್ನೋಣ. 99 × 328 = 32472. 15 ಬಿಟ್ ಬಲಕ್ಕೆ ಸರಿಸಿದರೆ (ಅಂದರೆ 32768ರಿಂದ ಭಾಗಿಸಿದರೆ) ಸೊನ್ನೆ. ಕೂಡಿಸಲು ಏನೂ ಇಲ್ಲ, ಫಿಲ್ಟರ್ 0.77 ಡಿಗ್ರಿ ಕೆಳಗೇ ನಿಂತುಬಿಡುತ್ತದೆ. ಸೆನ್ಸರ್ ಕೆಳಗಿದ್ದರೆ ಮಾತ್ರ ಫ್ಲೋರ್ ರೌಂಡಿಂಗ್‌ನಿಂದ (ಯಾವಾಗಲೂ ಕೆಳಗಿನ ಇಂಟಿಜರ್‌ಗೆ ಇಳಿಸುವುದು) ಪ್ರತಿ ಸಲ −1 ಬರುತ್ತದೆ, ಸಲೀಸಾಗಿ ಇಳಿಯುತ್ತದೆ. ಇಳಿಯಲು ಬರುವ, ಏರಲು ಬರದ ಫಿಲ್ಟರ್!

ರೌಂಡಿಂಗ್ ಅನ್ನು ನಿಯರೆಸ್ಟ್‌ಗೆ (ಹತ್ತಿರದ ಇಂಟಿಜರ್‌ಗೆ) ಬದಲಾಯಿಸಿದರೆ ಸಾಲದಾ? ಸಾಲದು. ಆಗ 49 ಎಣಿಕೆಯವರೆಗೆ ಎರಡೂ ಕಡೆ ನಿಲ್ಲುತ್ತದೆ. ತಪ್ಪು ಅರ್ಧವಾಯಿತು, ಹೋಗಲಿಲ್ಲ. ಬದಲಿಗೆ ಹಳೆಯ ಬೆಲೆಗೆ 32 ಬಿಟ್ ಕೊಡಿ, 22 ಫ್ರ್ಯಾಕ್ಷನ್ ಬಿಟ್ ಇಡಿ. 7 ಮತ್ತು 15 ಕೂಡಿದರೆ 22 ತಾನೇ? ಗುಣಲಬ್ಧ ಶಿಫ್ಟ್ ಇಲ್ಲದೆ ನೇರವಾಗಿ ಸೇರುತ್ತದೆ, ಒಂದು ಬಿಟ್ಟೂ ಕಳೆಯುವುದಿಲ್ಲ. ಸೆನ್ಸರ್ ಬೆಲೆಯಿಂದ ಕಳೆಯುವಾಗ ಮತ್ತು ಹೊರಗೆ ಕೊಡುವಾಗ ಮಾತ್ರ ಅದನ್ನು 16 ಬಿಟ್, 7 ಫ್ರ್ಯಾಕ್ಷನ್‌ಗೆ ಇಳಿಸಿ. ಇದಕ್ಕೆ ಜಾಸ್ತಿ ಬೇಕಾಗುವ ರ‍್ಯಾಮ್ ಎರಡೇ ಬೈಟ್.

ಮಾಡೆಲ್‌ನ ಹಾರ್ಡ್‌ವೇರ್ ಸೆಟ್ಟಿಂಗ್‌ನಲ್ಲಿ ಬಲಕ್ಕೆ ಮಾಡುವ ಶಿಫ್ಟ್ ಅರಿಥ್‌ಮೆಟಿಕ್ (ಋಣ ಚಿಹ್ನೆಯನ್ನು ಉಳಿಸಿಕೊಳ್ಳುವಂಥದ್ದು) ಎಂದು ಇದ್ದರೆ ನಿಮ್ಮ ಕಂಪೈಲರ್ ನಿಜವಾಗಿ ಹಾಗೇ ಮಾಡುತ್ತದಾ ಎಂದು ಮ್ಯಾನ್ಯುಯಲ್ ನೋಡಿ. ಋಣ ಸಂಖ್ಯೆಯನ್ನು ಬಲಕ್ಕೆ ಶಿಫ್ಟ್ ಮಾಡಿದರೆ ಏನಾಗಬೇಕು ಎಂಬುದನ್ನು ಸಿ ಭಾಷೆ ಕಂಪೈಲರ್‌ಗೇ ಬಿಟ್ಟಿದೆ.

ಇನ್ನು ಟೆಸ್ಟ್. 0ಯಿಂದ 100 ಡಿಗ್ರಿಗೆ ಒಂದೇ ಸಲ ಏರಿಸಿ, 1 ಡಿಗ್ರಿ ಟಾಲರೆನ್ಸ್ ಇಟ್ಟರೆ ಈ ದೋಷ ಪಾಸಾಗಿಬಿಡುತ್ತದೆ. ಅರ್ಧ ಡಿಗ್ರಿ ಏರಿಸಿ, ಅರ್ಧ ಡಿಗ್ರಿ ಇಳಿಸಿ. ಎರಡನ್ನೂ ಡಬಲ್ (64 ಬಿಟ್ ಫ್ಲೋಟಿಂಗ್ ಪಾಯಿಂಟ್) ಟೈಪ್‌ನ ಮಾಡೆಲ್ ಜೊತೆ ಹೋಲಿಸಿ. ಕೆಟ್ಟ ಫಿಲ್ಟರ್ ಏರುವಾಗ ಒಂದು ಎಣಿಕೆಯೂ ಅಲುಗುವುದಿಲ್ಲ.