ಬೆಳಕು ಬಿದ್ದರೆ ನಿಲ್ಲುವ ಗ್ಲುಟಮೇಟ್

ಬೆಳಕು ಬಿತ್ತು, ರೆಟಿನಾದ (ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರ) ಕೋಶ ರಾಸಾಯನಿಕ ಬಿಟ್ಟಿತು, ಸುದ್ದಿ ಮಿದುಳಿಗೆ ಹೋಯಿತು. ಹೀಗೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಪೂರ್ತಿ ಉಲ್ಟಾ: ನರಕೋಶಗಳು ಸುದ್ದಿ ದಾಟಿಸಲು ಬಳಸುವ ಗ್ಲುಟಮೇಟ್ ಅನ್ನುವ ರಾಸಾಯನಿಕ ಕತ್ತಲಲ್ಲಿ ಜಿನುಗುತ್ತದೆ, ಬೆಳಕು ಬಿದ್ದರೆ ಕಡಿಮೆಯಾಗುತ್ತದೆ.

1876ರಲ್ಲಿ ಜರ್ಮನಿಯ ಫ್ರಾಂಜ್ ಬೋಲ್ ಕಪ್ಪೆಯ ರೆಟಿನಾದ ಕೆಂಪು ಬಣ್ಣ ಬೆಳಕಿಗೆ ಮಾಸುವುದನ್ನು ನೋಡಿದ. ಆ ಬಣ್ಣವೇ ರೋಡಾಪ್ಸಿನ್. ಬೆಳಕು ಹಿಡಿಯುವ ವಸ್ತು ಹೀಗೆ ಸಿಕ್ಕಿತು. ಆಮೇಲೆ ಕೋಶದೊಳಗೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು.

1965ರಲ್ಲಿ ಜಪಾನಿನ ತ್ಸುನೆಯೋ ತೊಮಿತಾ ಕಾರ್ಪ್ ಮೀನಿನ ಕೋನ್ ಕೋಶದ (ಹಗಲಿನ ಬೆಳಕು, ಬಣ್ಣ ಗುರುತಿಸುವ ಕೋಶ) ವೋಲ್ಟೇಜ್ ಅಳೆದರು. ಅಷ್ಟು ಚಿಕ್ಕ ಕೋಶಕ್ಕೆ ಗಾಜಿನ ಮೊನೆ ಸುಮ್ನೆ ಚುಚ್ಚಿದರೆ ಇಳಿಯುವುದಿಲ್ಲ. ಅದಕ್ಕೆ ಅವರು ರೆಟಿನಾವನ್ನೇ ಸರಕ್ಕನೆ ಕುಲುಕುವ ಏರ್ಪಾಟು ಮಾಡಿಕೊಂಡಿದ್ದರು. ನರಕೋಶ ಚುರುಕಾದಾಗ ಅದರ ಋಣ ವೋಲ್ಟೇಜ್ ಕಡಿಮೆಯಾಗುವುದು ವಾಡಿಕೆ. ಇಲ್ಲಿ ಬೆಳಕಿಗೆ ಅದು ಇನ್ನೂ ಜಾಸ್ತಿಯಾಯಿತು! 1970ರಲ್ಲಿ ಹೇಗಿನ್ಸ್ ಮತ್ತು ಜೊತೆಗಾರರು ಇಲಿಯ ರಾಡ್ ಕೋಶಗಳಲ್ಲಿ (ಮಂದ ಬೆಳಕಿಗೆ ಕೆಲಸ ಮಾಡುವ ಕೋಶಗಳು) ಕತ್ತಲಲ್ಲಿ ಹರಿಯುವ ವಿದ್ಯುತ್ತನ್ನು ತೋರಿಸಿದರು. ಬೆಳಕು ಬಿದ್ದರೆ ಅದು ಇಳಿಯುತ್ತಿತ್ತು.

ಒಂದು ರಾಡ್ ಕೋಶವನ್ನೇ ಹತ್ತಿರದಿಂದ ನೋಡೋಣ. ಕತ್ತಲಲ್ಲಿ ಸೈಕ್ಲಿಕ್ ಜಿಎಂಪಿ ಅನ್ನುವ ಅಣು ಪೊರೆಯ ಬಾಗಿಲುಗಳನ್ನು ತೆರೆದಿಟ್ಟಿರುತ್ತದೆ. ಸೋಡಿಯಂ ಒಳಗೆ ಬರುತ್ತಲೇ ಇರುತ್ತದೆ. ವೋಲ್ಟೇಜ್ ಸುಮಾರು ಮೈನಸ್ 40 ಮಿಲಿವೋಲ್ಟ್. ಅಷ್ಟು ಸಾಕು, ಕೋಶದ ಇನ್ನೊಂದು ತುದಿಯಲ್ಲಿ ಕ್ಯಾಲ್ಸಿಯಂ ನುಗ್ಗಿ ಗ್ಲುಟಮೇಟ್ ಜಿನುಗುತ್ತಿರುತ್ತದೆ. ಬೆಳಕು ಬಿತ್ತು ಅಂದರೆ ರೋಡಾಪ್ಸಿನ್ ಟ್ರಾನ್ಸ್‌ಡ್ಯುಸಿನ್ ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಕಿಣ್ವ ಸೈಕ್ಲಿಕ್ ಜಿಎಂಪಿಯನ್ನು ಒಡೆಯುತ್ತದೆ. ಬಾಗಿಲು ಮುಚ್ಚಿ ವೋಲ್ಟೇಜ್ ಮೈನಸ್ 70ರ ಕಡೆಗೆ ಜಾರುತ್ತದೆ. ಗ್ಲುಟಮೇಟ್ ಕಡಿಮೆಯಾಗುತ್ತದೆ. ಕತ್ತಲಲ್ಲಿ ಇಷ್ಟೆಲ್ಲ ಶಕ್ತಿ ಸುರಿಯುವುದು ದುಂದುವೆಚ್ಚ ಅಂತ ನನಗೆ ಅನ್ನಿಸುತ್ತದೆ, ಆದರೆ ಕಣ್ಣು ನಡೆಯುವುದು ಹಾಗೇ.

ಹಾಗಾದರೆ ಬೆಳಕಿನ ಸುದ್ದಿ ಮುಂದೆ ಹೋಗುವುದು ಹೇಗೆ? ಪಕ್ಕದಲ್ಲಿ ಸುದ್ದಿ ಮುಂದಕ್ಕೆ ದಾಟಿಸುವ ಆನ್ ಬೈಪೋಲಾರ್ ಕೋಶ ಇರುತ್ತದೆ, ಅದನ್ನು ಗ್ಲುಟಮೇಟ್ ಅದುಮಿ ಹಿಡಿದಿರುತ್ತದೆ. ಆ ಹಿಡಿತ ಸಡಿಲವಾದರೆ ಆ ಕೋಶ ಎಚ್ಚೆತ್ತು ತಾನೇ ಗ್ಲುಟಮೇಟ್ ಬಿಡುತ್ತದೆ. ಅಂದರೆ ಬೆಳಕಿಗೆ ರಾಸಾಯನಿಕ ಜಾಸ್ತಿಯಾಗುವುದು ಎರಡನೇ ಮೆಟ್ಟಿಲಿನಲ್ಲಿ. ಈ ತಿರುವು ಮಾಡಿಸುವ ಗ್ರಾಹಕ (ಗ್ಲುಟಮೇಟನ್ನು ಹಿಡಿಯುವ ಪ್ರೋಟೀನ್), ಎಂಜಿಎಲ್‌ಯುಆರ್6, 1993ರಲ್ಲಿ ಇಲಿಯಲ್ಲಿ ಪತ್ತೆಯಾಯಿತು. ಆಫ್ ಬೈಪೋಲಾರ್ ಕೋಶಗಳಿಗೆ ಈ ತಿರುವು ಇಲ್ಲ, ಅವು ಕತ್ತಲಿಗೇ ಚುರುಕು.

ಮೊದಲು ಊಹಿಸಿದ ಹಾಗೆ ನೇರವಾಗಿ ನಡೆಯುವ ಕೋಶವೂ ಇದೆ. 2002ರಲ್ಲಿ ಡೇವಿಡ್ ಬರ್ಸನ್ ತಂಡ ಇಲಿಯ ರೆಟಿನಾದಲ್ಲಿ ಕೆಲವು ಗ್ಯಾಂಗ್ಲಿಯನ್ ಕೋಶಗಳು (ರೆಟಿನಾದಿಂದ ಮಿದುಳಿಗೆ ಸುದ್ದಿ ಒಯ್ಯುವ ಕೋಶಗಳು) ತಾವೇ ಬೆಳಕನ್ನು ಗುರುತಿಸುವುದನ್ನು ತೋರಿಸಿತು. ಅವುಗಳಲ್ಲಿರುವುದು ಮೆಲನಾಪ್ಸಿನ್ ಅನ್ನುವ ಬೆಳಕು ಹಿಡಿಯುವ ವಸ್ತು. ಬೆಳಕು ಬಿದ್ದರೆ ಇವು ಚುರುಕಾಗುತ್ತವೆ, ಮಿದುಳಿನಲ್ಲಿ ಹಗಲು-ರಾತ್ರಿಯ ಲೆಕ್ಕ ಇಡುವ ಗಡಿಯಾರದ ತನಕ ತಮ್ಮ ಎಳೆ ಚಾಚಿ ಅಲ್ಲಿ ಗ್ಲುಟಮೇಟ್ ಬಿಡುತ್ತವೆ.