ಎಣಿಕೆ ಬಿಟ್ಟ ಉಸಿರು

ಧಾರವಾಡದ ನಮ್ಮ ಓಣಿಯ ಸಮುದಾಯ ಭವನದಲ್ಲಿ ಬೆಳಗಿನ ಆರು ಗಂಟೆಗೆ ಸೇರುವ ಯೋಗದ ಗುಂಪಿಗೆ ಕಲಿಸತೊಡಗಿದ ಮೊದಲ ವರ್ಷವೆಲ್ಲ ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ಇಪ್ಪತ್ತು ಜನರ ಎದೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದನ್ನು ಕಂಡಾಗ ತರಗತಿ ಸರಿಯಾಗಿ ನಡೆಯುತ್ತಿದೆ ಎಂಬ ಭರವಸೆ ಬರುತ್ತಿತ್ತು. ಒಂದು ದಿನ ಅರವತ್ತು ದಾಟಿದ ಅಜ್ಜಿಯೊಬ್ಬರು ನಡುವೆಯೇ ಗೋಡೆಗೆ ಒರಗಿ ಕುಳಿತುಬಿಟ್ಟರು. ಅವರಿಗೆ ತಲೆ ತಿರುಗುತ್ತಿತ್ತು, ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು. ಸುಧಾರಿಸಿಕೊಂಡ ಮೇಲೆ ಅವರು ಹೇಳಿದ ಮಾತು ನನ್ನ ಕಲಿಸುವ ರೀತಿಯನ್ನೇ ಬದಲಿಸಿತು: "ಅಕ್ಕೋರ, ನನ್ನ ಉಸರು ನಿಮ್ಮ ಎಣಿಕಿ ಜೋಡಿ ಕೂಡವಲ್ದ್ರಿ. ಮಂದಿ ಎಲ್ಲಾ ಮಾಡಾಕತ್ತಾರ, ನಾ ಒಬ್ಬಾಕಿ ಹೆಂಗ ಬಿಡ್ಲಿ ಅಂತ ಎಳಕೊಂಡೆ."

ಅವರ ದೇಹದಲ್ಲಿ ಆದದ್ದೇನು ಎಂಬುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ತನಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಪ್ರಯತ್ನಪಟ್ಟು ಎಳೆದು ಬಿಡುವಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದು ಕಡಿಮೆಯಾದಂತೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾದಂತೆ, ಕಣ್ಣು ಕತ್ತಲೆಗಟ್ಟಿದಂತೆ ಆಗುತ್ತದೆ, ಬೆರಳು ಮತ್ತು ತುಟಿಗಳ ಸುತ್ತ ಜುಮುಜುಮು ಕಾಣಿಸಿಕೊಳ್ಳುತ್ತದೆ. ಮಂದ ಉಸಿರಾಟದ ಹೆಸರಿನಲ್ಲಿ ಅವರು ಮಾಡುತ್ತಿದ್ದದ್ದು ದೊಡ್ಡ ಉಸಿರಾಟ. ನಿಧಾನವಾದ ಉಸಿರು ಮತ್ತು ದೊಡ್ಡ ಉಸಿರು ಬೇರೆ ಬೇರೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಎಣಿಕೆಯ ಅವಸರದಲ್ಲಿ ಹೇಳುವುದಕ್ಕೆ ಎಡೆಯೂ ಇರಲಿಲ್ಲ.

ನಾಲ್ಕು ಮತ್ತು ಆರರ ಲೆಕ್ಕ ನಿರಾಧಾರವಾದುದಲ್ಲ. ಎಣಿಕೆಗೊಂದು ಸೆಕೆಂಡಿನಂತೆ ಒಂದು ಉಸಿರಿಗೆ ಹತ್ತು ಸೆಕೆಂಡು, ಎಂದರೆ ನಿಮಿಷಕ್ಕೆ 6 ಉಸಿರು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತಾರೆ. ಅದು 6ರ ಆಸುಪಾಸಿಗೆ ಇಳಿದಾಗ ಉಸಿರಿನ ಲಯವೂ ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ಸಹಜ ವ್ಯವಸ್ಥೆಯ ಲಯವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಉಸಿರು ಒಳಬರುವಾಗ ತುಸು ಚುರುಕಾಗಿ, ಹೊರಹೋಗುವಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವದಿಂದ ತುಸು ಮಂದವಾಗುವ ಹೃದಯದ ಬಡಿತದ ಏರಿಳಿತ ಆಗ ಹೆಚ್ಚು ಸ್ಪಷ್ಟವಾಗುತ್ತದೆ. ಆದರೆ ಆ 6 ಎಂಬುದು ಸರಾಸರಿ. ಒಬ್ಬರಿಗೆ ಅದು ನಾಲ್ಕೂವರೆ ಇದ್ದೀತು, ಮತ್ತೊಬ್ಬರಿಗೆ ಏಳರ ಹತ್ತಿರ ಇದ್ದೀತು. ನಮ್ಮ ಗುಂಪಿನಲ್ಲಿ ಎತ್ತರದ ನಿವೃತ್ತ ರೈಲ್ವೆ ನೌಕರರೊಬ್ಬರಿದ್ದಾರೆ, ಆಸ್ತಮಾ ಇರುವ ಹುಡುಗಿಯಿದ್ದಾಳೆ, ಹತ್ತಾರು ವರ್ಷ ಕಟ್ಟಿಗೆಯ ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸಿದವರಿದ್ದಾರೆ. ಶ್ವಾಸನಾಳ ಕಿರಿದಾದವರಿಗೆ ಗಾಳಿ ಹೊರಬೀಳುವುದಕ್ಕೇ ಹೆಚ್ಚು ಹೊತ್ತು ಬೇಕು. ಇವರೆಲ್ಲರ ಎದೆಗೂಡಿಗೆ ನನ್ನ ಬಾಯಿಂದ ಬರುವ ಒಂದೇ ಎಣಿಕೆಯನ್ನು ಹೊಂದಿಸಲು ಹೊರಟದ್ದು ತಪ್ಪೆಂದು ಈಗ ನನಗೆ ಯಾವ ಸಂದೇಹವೂ ಇಲ್ಲ.

ನಮ್ಮ ಭಾಗದಲ್ಲಿ ಯಾರಿಗಾದರೂ ಅವಸರಪಡಬೇಡಿ ಎನ್ನಬೇಕಾದರೆ "ಸಾವಕಾಶ" ಎನ್ನುತ್ತೇವೆ. ಸಾವಕಾಶ ಹೋಗ್ರಿ, ಸಾವಕಾಶ ಉಣ್ರಿ. ಅವಕಾಶದೊಡನೆ, ಎಂದರೆ ಎಡೆ ಬಿಟ್ಟುಕೊಂಡು ಮಾಡಿ ಎಂಬುದು ಆ ಪದದ ಒಳಗೇ ಇದೆ. ನಿಧಾನ ಯೋಗಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ಹೊಳೆಯುವುದಿಲ್ಲ. ಗುಂಪಿನಲ್ಲಿ ಅಭ್ಯಾಸ ಮಾಡುವಾಗ ಮೊದಲು ಕಳೆದುಹೋಗುವುದು ಈ ಎಡೆಯೇ. ಪಕ್ಕದವರ ಕೈ ಪಾದ ಮುಟ್ಟಿದ್ದು ಕಂಡೊಡನೆ ನಮ್ಮ ಬೆನ್ನೂ ಇನ್ನೊಂದು ಅಂಗುಲ ಬಾಗುತ್ತದೆ. ಹಾಗೆ ಥಟ್ಟನೆ ಎಳೆದಾಗ, ಸ್ನಾಯು ಎಷ್ಟು ಬೇಗ ಉದ್ದವಾಗುತ್ತಿದೆ ಎಂಬುದನ್ನು ಗ್ರಹಿಸುವ ಸಂವೇದಕಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸಿ, ಸಡಿಲವಾಗಬೇಕಾದ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಬಿಗಿದುಕೊಳ್ಳುತ್ತದೆ. ಯೋಗಸೂತ್ರಗಳಲ್ಲಿ ಪತಂಜಲಿ ಆಸನದ ಬಗೆಗೆ ಹೇಳಿದ್ದು ತೀರ ಕಡಿಮೆ. ಅದು ಸ್ಥಿರವೂ ಸುಖವೂ ಆಗಿರಬೇಕೆಂದು ಹೇಳಿ, ಮುಂದಿನ ಸೂತ್ರದಲ್ಲಿಯೇ ಪ್ರಯತ್ನವನ್ನು ಸಡಿಲಿಸುವ ಮಾತನ್ನು ತರುತ್ತಾನೆ. ಆ ಸಡಿಲಿಕೆಯನ್ನು ಕಲಿಸುವುದು ಆಸನವನ್ನು ಕಲಿಸುವುದಕ್ಕಿಂತ ಬಹಳ ಕಷ್ಟ.

ಈಗ ನಮ್ಮ ಒಂದು ಗಂಟೆಯ ತರಗತಿಯಲ್ಲಿ ಐದೇ ಆಸನಗಳಿರುತ್ತವೆ. ಪ್ರತಿಯೊಂದರಲ್ಲೂ ಎರಡರಿಂದ ನಾಲ್ಕು ನಿಮಿಷ ಇರುತ್ತೇವೆ, ಬೇಡವೆನಿಸಿದವರು ಯಾವಾಗಲಾದರೂ ಹೊರಬರಬಹುದು. ನೆಲಕ್ಕೆ ನವಲಗುಂದದ ಜಮಖಾನೆ ಹಾಸುತ್ತೇವೆ, ಅದರ ಮೇಲೆ ಪ್ರತಿಯೊಬ್ಬರೂ ಮನೆಯಿಂದ ತಂದ ಕೌದಿ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಕೌದಿಗಿಂತ ಒಳ್ಳೆಯ ಯೋಗ ಸಾಮಗ್ರಿಯನ್ನು ನಾನು ಅಂಗಡಿಗಳಲ್ಲಿ ಕಂಡಿಲ್ಲ. ನಾಲ್ಕು ಮಡಿಕೆ ಹಾಕಿ ಪೃಷ್ಠದ ಕೆಳಗಿಟ್ಟರೆ ಸೊಂಟ ತುಸು ಮೇಲೆದ್ದು, ಚಕ್ಕಳ ಮಕ್ಕಳ ಹಾಕಿ ಕುಳಿತವರ ಬೆನ್ನು ತಾನಾಗಿ ನೇರವಾಗುತ್ತದೆ. ಸುರುಳಿ ಸುತ್ತಿ ಮೊಣಕಾಲುಗಳ ಕೆಳಗಿಟ್ಟರೆ ಶವಾಸನದಲ್ಲಿ ಕೆಳಬೆನ್ನಿನ ಬಿಗಿತ ಇಳಿಯುತ್ತದೆ. ನೆಲಕ್ಕೆ ಕೂರಲಾಗದವರಿಗೆ ಕುರ್ಚಿ ಇದೆ. ಕುರ್ಚಿಯನ್ನು ಹಿಂದಿನ ಸಾಲಿನಲ್ಲಿಡದೆ ವೃತ್ತದ ಒಳಗೇ ಇಡುತ್ತೇನೆ, ಏಕೆಂದರೆ ಕುರ್ಚಿಯ ಮೇಲೆ ಕುಳಿತವರು ಅರ್ಧ ಯೋಗ ಮಾಡುತ್ತಿದ್ದಾರೆಂಬ ಭಾವನೆ ಒಮ್ಮೆ ಬಂದರೆ ಮರುದಿನ ನೋವು ನುಂಗಿಕೊಂಡು ನೆಲಕ್ಕೆ ಕುಳಿತುಬಿಡುತ್ತಾರೆ.

ಇಂಥ ಆಸರೆಗಳ ಮಾತು ಬಂದಾಗ ಧಾರವಾಡದವರು ನೆನೆಯಬೇಕಾದ ಸಂಗತಿಯೊಂದಿದೆ. 1936ರಲ್ಲಿ ಗುರು ಟಿ. ಕೃಷ್ಣಮಾಚಾರ್ಯರೊಡನೆ ಈ ಊರಿಗೆ ಬಂದ, ಇನ್ನೂ ಹದಿಹರೆಯದ ಬಿ.ಕೆ.ಎಸ್. ಅಯ್ಯಂಗಾರರಿಗೆ ಇಲ್ಲಿಯ ಮಹಿಳೆಯರಿಗೆ ಯೋಗ ಕಲಿಸುವ ಕೆಲಸ ಸಿಕ್ಕಿತು. ಮುಂದೆ ಪುಣೆಯಲ್ಲಿ ನೆಲೆಸಿ, ಕುರ್ಚಿ, ಪಟ್ಟಿ, ಮರದ ತುಂಡು, ಹೊದಿಕೆಗಳ ಆಸರೆಯಿಂದ ವೃದ್ಧರೂ ರೋಗಿಗಳೂ ಆಸನದಲ್ಲಿ ಹೆಚ್ಚು ಹೊತ್ತು ಇರುವಂತೆ ಮಾಡಿದವರು ಅವರೇ. ಆಸರೆ ಪಡೆಯುವುದು ಸೋಲೆಂದು ತಿಳಿಯುವ ಹಿರಿಯರಿಗೆ ನಾನು ಇದನ್ನು ಹೇಳುತ್ತೇನೆ.

ಎಣಿಕೆ ನಿಂತ ಮೇಲೆ ಆ ಮೌನದಲ್ಲಿ ಗಮನವನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಹುಟ್ಟುತ್ತದೆ. ಮೈಂಡ್‌ಫುಲ್‌ನೆಸ್ ಎಂದು ಇಂದು ಕರೆಯುವ ಸಾವಧಾನದ ಅಭ್ಯಾಸಕ್ಕೆ ಬೌದ್ಧರ ಧ್ಯಾನ ಪರಂಪರೆ ಮೂಲ. ಜಾನ್ ಕಬಾಟ್ ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅದನ್ನು ದೀರ್ಘಕಾಲದ ನೋವುಳ್ಳ ರೋಗಿಗಳಿಗೆ ಕಲಿಸತೊಡಗಿದರು. ಎಂಟು ವಾರಗಳ ಅವರ ಕ್ರಮದಲ್ಲಿ ಜನ ಗುಂಪಾಗಿಯೇ ಕುಳಿತು ಕಲಿಯುತ್ತಾರೆ, ನಿಧಾನ ಹಠಯೋಗವೂ ಅದರ ಒಂದು ಭಾಗ. ನಾನು ಶಬ್ದದಿಂದ ಆರಂಭಿಸುತ್ತೇನೆ. ಗುಡಿಯ ಗಂಟೆ, ಹಾಲಿನವರ ಸೈಕಲ್ಲು, ದೂರದ ದೊಡ್ಡ ರಸ್ತೆಯಲ್ಲಿ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸು ನಿಂತು ಹೊರಡುವ ಸದ್ದು, ಆಷಾಢದಲ್ಲಿ ತಗಡಿನ ಮೇಲೆ ಬೀಳುವ ಜಿಟಿಜಿಟಿ ಮಳೆ, ಇವು ಬಂದು ಹೋಗುವುದನ್ನು ಸುಮ್ಮನೆ ಕೇಳುವುದು. ಶಬ್ದವನ್ನು ತಾನು ಸರಿಯಾಗಿ ಕೇಳುತ್ತಿದ್ದೇನೆಯೇ ಎಂದು ಯಾರೂ ಚಿಂತಿಸುವುದಿಲ್ಲ, ಆದುದರಿಂದ ಅಲ್ಲಿ ಹೋಲಿಕೆಗೆ ಎಡೆಯಿಲ್ಲ. ಅಲ್ಲಿಂದ ದೇಹಕ್ಕೆ, ದೇಹದಿಂದ ಉಸಿರಿಗೆ ಬರುತ್ತೇವೆ. ರೊಟ್ಟಿ ಬಡಿಯುವ ಕೈಯ ಹೆಗಲು ಕುಳಿತಾಗಲೂ ಮೇಲೆದ್ದೇ ಇರುವುದನ್ನು ಗುಂಪಿನ ಅನೇಕ ಹೆಣ್ಣುಮಕ್ಕಳು ಹೀಗೆ ಸುಮ್ಮನೆ ಗಮನಿಸುತ್ತಲೇ ತಾವಾಗಿ ಕಂಡುಕೊಂಡಿದ್ದಾರೆ.

ಕಣ್ಣು ಮುಚ್ಚಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರಿಗೆ, ಹಿಂಸೆ ಅನುಭವಿಸಿದವರಿಗೆ, ಎಂದೋ ಆದ ಅಪಘಾತ ಇನ್ನೂ ಕಾಡುತ್ತಿರುವವರಿಗೆ ಕಣ್ಣು ಮುಚ್ಚಿದ ಮೌನ ಶಾಂತಿಯ ಬದಲು ಭಯ ತರಬಹುದು. ಅವರು ಕಣ್ಣು ತೆರೆದು ಎದುರಿನ ಕಿಟಕಿಯನ್ನು ನೋಡುತ್ತ, ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸುತ್ತ ಕುಳಿತರೆ ಸಾಕು. ಇಲ್ಲದ ಧ್ವನಿಗಳು ಕೇಳುವವರಿಗೆ, ವಾರಗಟ್ಟಲೆ ನಿದ್ದೆ ಹತ್ತದವರಿಗೆ, ಸಾಯುವ ಯೋಚನೆ ಬರುತ್ತಿರುವವರಿಗೆ ದೀರ್ಘ ಧ್ಯಾನ ತಕ್ಕ ಮೊದಲ ಹೆಜ್ಜೆಯಲ್ಲ. ಅವರೊಡನೆ ಒಬ್ಬರೇ ಇದ್ದಾಗ ಮಾತನಾಡಿ, ನಮ್ಮೂರಿನಲ್ಲಿಯೇ ಇರುವ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಹೋಗಲು ಹೇಳುತ್ತೇನೆ, ಬೇಕಾದರೆ ಜೊತೆಗೆ ಹೋಗುತ್ತೇನೆ. ಯೋಗ ಮಾಡುತ್ತಿದ್ದೇನೆಂದು ಗುಳಿಗೆ ಬಿಟ್ಟವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ದೇಹದ ಎಚ್ಚರಿಕೆಗಳು ಬಹುತೇಕ ಎಲ್ಲರಿಗೂ ತಿಳಿದಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ತಲೆ ಕೆಳಗಾಗುವ ಭಂಗಿಗಳನ್ನು ಬಿಡಬೇಕು, ಮೂಳೆ ತೆಳುವಾದವರು ಬೆನ್ನು ಗುಂಡಾಗಿಸಿ ಆಳವಾಗಿ ಬಾಗಬಾರದು, ಮೊಣಕಾಲು ಸವೆದವರಿಗೆ ವಜ್ರಾಸನ ಕಡ್ಡಾಯವಲ್ಲ. ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವವರು ಶವಾಸನದಿಂದ ಒಮ್ಮೆಗೇ ಎದ್ದರೆ ಒತ್ತಡ ಇಳಿದು ಬೀಳುವ ಸಾಧ್ಯತೆಯಿದೆ. ಮಗ್ಗುಲಾಗಿ ಒಂದು ನಿಮಿಷ, ಕುಳಿತು ಒಂದು ನಿಮಿಷ ಕಳೆದ ಮೇಲೆಯೇ ನಿಲ್ಲಬೇಕು. ಈ ಎರಡು ನಿಮಿಷ ಮುಗಿಯುವವರೆಗೆ ನಮ್ಮಲ್ಲಿ ಯಾರೂ ಚಪ್ಪಲಿಯ ಕಡೆಗೆ ಹೋಗುವುದಿಲ್ಲ.

ಎಣಿಕೆಯೇ ಬೇಡವೆಂದು ನಾನು ಹೇಳುತ್ತಿಲ್ಲ. 2015ರಿಂದ ಜೂನ್ 21ರಂದು ಮೈದಾನಗಳಲ್ಲಿ ನಡೆಯುವ ಯೋಗ ದಿನದಂದು ನೂರಾರು ಜನರನ್ನು ಒಟ್ಟಿಗೆ ನಡೆಸಲು ಒಂದು ಗಟ್ಟಿ ಧ್ವನಿ ಬೇಕೇ ಬೇಕು. ಪ್ರತಿದಿನ ಅದೇ ಇಪ್ಪತ್ತು ಜನ ಸೇರುವ ಓಣಿಯ ಗುಂಪಿಗೆ ಅದೇ ಅಳತೆಗೋಲನ್ನು ತರುವುದು ಮಾತ್ರ ಸಲ್ಲ. ಇಲ್ಲಿ ಒಬ್ಬರು ಬರದಿದ್ದರೆ ಆ ಜಾಗ ಖಾಲಿ ಕಾಣುತ್ತದೆ, ಸಂಜೆ ಯಾರಾದರೂ ಅವರ ಮನೆಗೆ ಹೋಗಿ ವಿಚಾರಿಸುತ್ತಾರೆ. ಒಬ್ಬರೇ ಮನೆಯಲ್ಲಿ ಹತ್ತು ನಿಮಿಷ ಅಲುಗದೆ ಕೂರಲಾಗದವರು ಇಲ್ಲಿ ಅರ್ಧ ಗಂಟೆ ಕೂರುತ್ತಾರೆ. ಗುಂಪು ಕೊಡುವುದು ಈ ಜೊತೆಯನ್ನು. ಅದಕ್ಕೆ ಎಲ್ಲರ ಉಸಿರು ಒಂದೇ ಆಗಬೇಕಿಲ್ಲ.

ಅಂದು ತಲೆ ತಿರುಗಿ ಗೋಡೆಗೆ ಒರಗಿದ ಅಜ್ಜಿ ಈಗಲೂ ಬರುತ್ತಾರೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ಹೋದ ವಾರ ಶವಾಸನದ ಹೊತ್ತಿನಲ್ಲಿ ಅವರ ಹೊಟ್ಟೆಯ ಮೇಲಿದ್ದ ಸೆರಗಿನ ಏರಿಳಿತವನ್ನು ಗೋಡೆಯ ಗಡಿಯಾರದೊಡನೆ ನಾನೊಬ್ಬಳೇ ಸದ್ದಿಲ್ಲದೆ ಲೆಕ್ಕ ಹಾಕಿದೆ. ನಿಮಿಷಕ್ಕೆ ಏಳು. ಹೇಳಿದರೆ ಮರುದಿನ ಅವರು ಆರಕ್ಕೆ ಇಳಿಸಲು ಯತ್ನಿಸುವರೆಂದು ಗೊತ್ತಿದ್ದುದರಿಂದ ಅವರಿಗೆ ಹೇಳಲಿಲ್ಲ.